ವೈದ್ಯೆಯರ ಬಗ್ಗೆ ಮಾತಾಡುವಾಗ 'ಮೊದಲ ಮಹಿಳೆ' ಅನ್ನುವಲ್ಲಿಗೇ ಯಾಕೆ ನಿಲ್ಲಿಸುತ್ತೇವೆ?

ಓದುಗಿತ್ತಿ (ಪ್ರಶ್ನೆ)
ನಾನು ಮೆಡಿಕಲ್ ಓದುತ್ತಿದ್ದೇನೆ. ಫೆಬ್ರವರಿ 3 ಅಮೆರಿಕದಲ್ಲಿ ಮೆಡಿಕಲ್ ಡಿಗ್ರಿ ಪಡೆದ ಮೊದಲ ಮಹಿಳೆ ಎಲಿಜಬೆತ್ ಬ್ಲ್ಯಾಕ್‌ವೆಲ್ ಹುಟ್ಟಿದ ದಿನ, ಅಮೆರಿಕದಲ್ಲಿ ಅದನ್ನು ಮಹಿಳಾ ವೈದ್ಯರ ದಿನವಾಗಿ ಆಚರಿಸುತ್ತಾರೆ. ಈ ಸಲ ಆ ದಿನ ನಾನು ಕ್ಲಾಸಿನಲ್ಲಿ ಹತ್ತು ನಿಮಿಷ ಮಾತಾಡಬೇಕು. ಬರೆದುಕೊಂಡು ನೋಡಿದರೆ ಬರೀ ಪಟ್ಟಿ ಆಗಿದೆ. 1849ರಲ್ಲಿ ಬ್ಲ್ಯಾಕ್‌ವೆಲ್, 1865ರಲ್ಲಿ ಇಂಗ್ಲೆಂಡಿನ ಎಲಿಜಬೆತ್ ಗ್ಯಾರೆಟ್, 1886ರಲ್ಲಿ ಆನಂದಿಬಾಯಿ ಜೋಶಿ. ಎಲ್ಲರ ಕಥೆಯೂ ಡಿಗ್ರಿಯೋ ಲೈಸೆನ್ಸೋ ಕೈಗೆ ಬಂದ ಕೂಡಲೇ ಮುಗಿದುಹೋಗುತ್ತದೆ.

ಆಮೇಲೆ ಅವರು ಏನು ಮಾಡಿದರು? ಬ್ಲ್ಯಾಕ್‌ವೆಲ್ ಡಿಗ್ರಿ ಪಡೆದ ವರ್ಷವೇ ಪ್ಯಾರಿಸ್‌ನಲ್ಲಿ ಒಂದು ಹಸುಗೂಸಿನ ಕಣ್ಣಿಗೆ ಚಿಕಿತ್ಸೆ ಕೊಡುವಾಗ ಸೋಂಕು ತಗುಲಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡರು, ಸರ್ಜನ್ ಆಗುವ ಆಸೆ ಅಲ್ಲಿಗೇ ಬಿಡಬೇಕಾಯಿತು ಅಂತ ನಾನು ಓದಿದ್ದು ಮೊನ್ನೆ ಮೊನ್ನೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ನೀವಾಗಿದ್ದರೆ ಯಾರ ಕಥೆ ಹೇಳುತ್ತಿದ್ದಿರಿ?

ನಿದ್ದೆಡಾಕ್ಟರ್
ನಾನು ಅನಸ್ತೇಷಿಯಾದಲ್ಲಿ (ಅರಿವಳಿಕೆ ಕೊಡುವ ವಿಭಾಗ) ಇದ್ದೇನೆ, ಹಾಗಾಗಿ ನನ್ನ ಉತ್ತರ ಅಮೆರಿಕದ ಡಾಕ್ಟರ್ ವರ್ಜೀನಿಯಾ ಆಪ್ಗರ್. ಅವರಿಗೆ ಸರ್ಜನ್ ಆಗಬೇಕಿತ್ತು. ಕೈಯೂ ಚೆನ್ನಾಗಿತ್ತು. ಆದರೆ ಹೆಂಗಸರಿಗೆ ಸರ್ಜರಿಯಲ್ಲಿ ನೆಲೆ ಸಿಗುವುದು ಕಷ್ಟ ಎಂದು ಅವರ ವಿಭಾಗದ ಮುಖ್ಯಸ್ಥರೇ ಹೇಳಿ ಅನಸ್ತೇಷಿಯಾ ಕಡೆ ಕಳಿಸಿದರು. ಆಗ ಅದನ್ನು ಒಂದು ಸ್ಪೆಷಾಲಿಟಿ ಅಂತ ಗಣಿಸುವವರೇ ಕಡಿಮೆ, ಹೆಚ್ಚಾಗಿ ನರ್ಸ್‌ಗಳೇ ಆ ಕೆಲಸ ಮಾಡುತ್ತಿದ್ದರು. ಅವರು ಅಲ್ಲಿಗೆ ಹೋಗಿ, ಹೆರಿಗೆ ಕೋಣೆಯಲ್ಲಿ ನಿಂತು, ಎಲ್ಲರೂ ತಾಯಿಯ ಕಡೆ ನೋಡುತ್ತಿರುವಾಗ ಮಗುವಿನ ಕಡೆ ನೋಡಿದರು.

ಆಗತಾನೇ ಹುಟ್ಟಿದ ಮಗುವಿನ ಸ್ಥಿತಿ ಅಳೆಯಲು 1952ರಲ್ಲಿ ಅವರು ಮುಂದಿಟ್ಟ ಆಪ್ಗರ್ ಸ್ಕೋರ್ ಎಷ್ಟು ಸರಳ ನೋಡಿ. ಎದೆಬಡಿತ, ಉಸಿರಾಟ, ಸ್ನಾಯುವಿನ ಬಿಗಿ, ಮುಟ್ಟಿದರೆ ಮಗು ಹೇಗೆ ಪ್ರತಿಕ್ರಿಯಿಸುತ್ತದೆ, ಮೈಬಣ್ಣ. ಒಂದೊಂದಕ್ಕೂ 0, 1 ಅಥವಾ 2. ಯಂತ್ರ ಬೇಡ, ದುಡ್ಡು ಬೇಡ. ಆದರೆ ಹುಟ್ಟಿ ಒಂದು ನಿಮಿಷಕ್ಕೆ ಒಬ್ಬರು ಕೂಸಿನ ಮುಂದೆ ನಿಂತು ಸರಿಯಾಗಿ ನೋಡಲೇಬೇಕು, ನೋಡಿದ್ದನ್ನು ಬರೆಯಲೇಬೇಕು, ಸ್ಕೋರ್ ಕಡಿಮೆ ಇದ್ದರೆ ಸುಮ್ನೆ ಇರೋಕಾಗಲ್ಲ. ಇವತ್ತಿಗೂ 'ಒಂದು ನಿಮಿಷಕ್ಕೆ 7, ಐದು ನಿಮಿಷಕ್ಕೆ 9' ಅಂತ ಕೂಗಿ ಹೇಳುತ್ತೇವೆ. ಆಪ್ಗರ್ ಅಂದರೆ ಐದು ಇಂಗ್ಲಿಷ್ ಪದಗಳ ಮೊದಲಕ್ಷರ ಅಂತಲೇ ನಾನು ಹೌಸ್ ಸರ್ಜನ್ಸಿ ಮುಗಿಯುವವರೆಗೂ ಅಂದುಕೊಂಡಿದ್ದೆ. ಆ ಪದಗಳನ್ನು ಬಾಯಿಪಾಠಕ್ಕೆಂದು ಆಮೇಲೆ ಹೊಂದಿಸಿದ್ದು. ಅದು ಒಬ್ಬ ಹೆಂಗಸಿನ ಹೆಸರು ಅಂತ ಗೊತ್ತಾದ ದಿನ ನನಗೆ ಎಷ್ಟು ಖುಷಿ ಆಯಿತು ಅಂತ ಹೇಳೋಕಾಗಲ್ಲ.

ಹಳೆಪುಟ
ಮೇಲಿನ ಉತ್ತರ ತುಂಬಾ ಇಷ್ಟವಾಯಿತು. ಆದರೂ 'ಮೊದಲ ಮಹಿಳೆ' ಕಥೆಗಳನ್ನು ಬಿಟ್ಟೇಬಿಡಬೇಕು ಅಂತಾದರೆ ಅದನ್ನು ನಾನು ಒಪ್ಪುವುದಿಲ್ಲ. ನಾವು ಅದನ್ನು ಅರ್ಧ ಮಾತ್ರ ಹೇಳುತ್ತೇವೆ, ತೊಂದರೆ ಇರೋದು ಅಲ್ಲಿ.

ಎಲಿಜಬೆತ್ ಗ್ಯಾರೆಟ್ ವಿಷಯವನ್ನೇ ತಗೊಳ್ಳಿ. ಹೆಂಗಸರಿಗೆ ಕಾಲೇಜಿನಲ್ಲಿ ಜಾಗ ಇರಲಿಲ್ಲ, ಖಾಸಗಿಯಾಗಿ ಪಾಠ ಹೇಳಿಸಿಕೊಂಡು ವೈದ್ಯ ವೃತ್ತಿಗೆ ಲೈಸೆನ್ಸ್ ಕೊಡುತ್ತಿದ್ದ ಲಂಡನ್ನಿನ ಅಪಾತಿಕರಿ ಸೊಸೈಟಿಯ ಪರೀಕ್ಷೆ ಪಾಸಾದರು. ಅದಾದ ಮೇಲೆ ಸೊಸೈಟಿ ಏನು ಮಾಡಿತು ಗೊತ್ತಾ? ಖಾಸಗಿಯಾಗಿ ಕಲಿತವರು ಪರೀಕ್ಷೆಗೆ ಕೂರುವಂತಿಲ್ಲ ಅಂತ ನಿಯಮವನ್ನೇ ಬದಲಿಸಿತು. ಒಬ್ಬರು ಒಳಗೆ ಹೋದರು, ಹಿಂದೆಯೇ ಚಿಲಕ ಬಿತ್ತು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1869ರಲ್ಲಿ ಮೆಡಿಕಲ್ ಸೇರಿದ ಸೋಫಿಯಾ ಜೆಕ್ಸ್-ಬ್ಲೇಕ್ ಮತ್ತು ಅವರ ಗೆಳತಿಯರು ಮರುವರ್ಷ ಅನಾಟಮಿ ಪರೀಕ್ಷೆಗೆ ಹೋದಾಗ ಗಂಡುಹುಡುಗರ ಗುಂಪು ಗೇಟಿನ ಬಳಿ ಕೆಸರು ಎರಚಿತು, ಪರೀಕ್ಷೆ ನಡೆಯುವ ಕೋಣೆಗೆ ಕುರಿಯನ್ನು ನುಗ್ಗಿಸಿದರು. ಪರೀಕ್ಷೆ ಬರೆದರು. ಆದರೂ ವಿಶ್ವವಿದ್ಯಾಲಯ ಡಿಗ್ರಿ ಕೊಡಲಿಲ್ಲ. ಕೊಟ್ಟಿದ್ದು 2019ರಲ್ಲಿ, ಮರಣೋತ್ತರವಾಗಿ.

ಬಾಗಿಲು ತಾನಾಗಿ ತೆರೆದುಕೊಂಡ ಉದಾಹರಣೆ ನನಗಂತೂ ಸಿಕ್ಕಿಲ್ಲ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ದುಡ್ಡು ಸಾಲದೆ ಮೆಡಿಕಲ್ ಸ್ಕೂಲ್ ಶುರು ಮಾಡುವುದೇ ನಿಂತಿತ್ತು. ಮೇರಿ ಗ್ಯಾರೆಟ್ (ಇವರು ಬೇರೆ ಗ್ಯಾರೆಟ್) ಮತ್ತು ಅವರ ಜೊತೆಯ ಹೆಂಗಸರು ದುಡ್ಡು ಕೂಡಿಸಿಕೊಟ್ಟು, ಗಂಡಸರಿಗೆ ಯಾವ ನಿಯಮವೋ ಹೆಂಗಸರಿಗೂ ಅದೇ ಇರಬೇಕು ಎಂದು ಷರತ್ತು ಹಾಕಿದರು. 1893ರ ಮೊದಲ ಬ್ಯಾಚಿನಲ್ಲಿ ಮೂವರು ಹೆಂಗಸರಿದ್ದರು. ಹಾರ್ವರ್ಡ್ ಮೆಡಿಕಲ್ ಸ್ಕೂಲ್ 1945ರವರೆಗೆ ಹೆಂಗಸರನ್ನು ತಗೊಂಡಿರಲಿಲ್ಲ. ಹಾಗಾಗಿ ಪಟ್ಟಿ ಇರಲಿ, ಪ್ರತಿ ಇಸವಿಯ ಜೊತೆ ಅಡ್ಡ ನಿಂತವರು ಏನು ಮಾಡಿದರು ಅನ್ನೋದನ್ನೂ ಹೇಳಿ.

ಹೊಲಿಗೆ_ಗಂಟು
ಸರ್ಜರಿ ರೆಸಿಡೆಂಟ್ ನಾನು. ಇವತ್ತಿನ ಮಾತೂ ಒಂದೆರಡು ಸೇರಿಸಿ ದಯವಿಟ್ಟು. ಆರೋಗ್ಯ ಕ್ಷೇತ್ರದಲ್ಲಿ ದುಡಿಯುವವರಲ್ಲಿ ಸುಮಾರು ನೂರಕ್ಕೆ 70 ಜನ ಹೆಂಗಸರು, ಮೇಲಿನ ಹುದ್ದೆಗಳಲ್ಲಿ ಸುಮಾರು 25 ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಹೇಳಿದೆ. ನನಗೆ ಒಂದು ಸಂದರ್ಶನದಲ್ಲಿ ಕೇಳಿದ ಮೊದಲ ಪ್ರಶ್ನೆ, ಮದುವೆ ಆದ ಮೇಲೆ ಸರ್ಜರಿ ಬಿಡ್ತೀರಾ ಅಂತ. ಅರ್ಧ ಗಂಟೆ ರೋಗಿಗೆ ಆಪರೇಷನ್ ಬಗ್ಗೆ ವಿವರಿಸಿ ಎದ್ದರೆ 'ಸಿಸ್ಟರ್, ಡಾಕ್ಟರ್ ಯಾವಾಗ ಬರ್ತಾರೆ' ಅಂತಾರೆ. ನರ್ಸಿಂಗ್ ಕೆಲಸ ಕಡಿಮೆ ಅಂತ ಅಲ್ಲ, ಖಂಡಿತ ಅಲ್ಲ. ಹೆಣ್ಣು ಅಂದ ಕೂಡಲೇ ಡಾಕ್ಟರ್ ಅಂತ ಕಾಣೋದೇ ಇಲ್ಲ ಅನ್ನೋದು ನೋವು.

ಇನ್ನೊಂದು ಇದೆ, ಯಾರೂ ಮಾತಾಡಲ್ಲ. ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ರಂಧ್ರದ ಮೂಲಕ ಮಾಡುವ ಆಪರೇಷನ್) ಬಳಸುವ ಸ್ಟೇಪ್ಲರ್‌ನ ಹಿಡಿ ನನ್ನ ಕೈಗೆ ದೊಡ್ಡದು. ಒಂದು ಕೈಯಲ್ಲಿ ಒತ್ತಲು ಆಗುತ್ತಿರಲಿಲ್ಲ, ನನ್ನಲ್ಲೇ ಏನೋ ಕೊರತೆ ಅಂತ ತಿಂಗಳುಗಟ್ಟಲೆ ಅಂದುಕೊಂಡಿದ್ದೆ. ಒಂದು ದಿನ ಸೀನಿಯರ್ ಮೇಡಂ ನೋಡಿ, ಎರಡೂ ಕೈ ಬಳಸು, ಟೇಬಲ್ ಕೆಳಗಿಳಿಸೋಕೆ ಹೇಳು, ಕೇಳೋಕೆ ನಾಚಿಕೊಳ್ಳಬೇಡ ಎಂದರು. ಅಷ್ಟೇ. ಮಾರನೇ ದಿನದಿಂದ ಭುಜದ ನೋವು ಕಡಿಮೆ ಆಯಿತು. ಅವರಿಗೆ ಇದನ್ನು ಹೇಳಿಕೊಡೋಕೆ ಯಾರೂ ಇರಲಿಲ್ಲವಂತೆ.

ಓದುಗಿತ್ತಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾತು ಹೆರಿಗೆ ಕೋಣೆಯ ಆ ಒಂದು ನಿಮಿಷದಿಂದ ಶುರು ಮಾಡುತ್ತೇನೆ. ಆನಂದಿಬಾಯಿಯವರನ್ನು ಹೇಗೆ ಹೇಳಲಿ ಅನ್ನೋದೇ ಗೊತ್ತಾಗುತ್ತಿಲ್ಲ. ಡಿಗ್ರಿ ಬಂದ ಮರುವರ್ಷವೇ, 21ಕ್ಕೇ ಹೋಗಿಬಿಟ್ಟರು. ಅವರ ಕಥೆಯಲ್ಲಿ 'ಆಮೇಲೆ' ಇಲ್ಲವಲ್ಲ.

ಹಳೆಪುಟ
ಅವರ ಕಥೆಯಲ್ಲಿ 'ಮೊದಲು' ಇದೆ. 14ನೇ ವಯಸ್ಸಿನಲ್ಲಿ ಹೆತ್ತ ಮಗು ಹತ್ತು ದಿನಕ್ಕೆ ತೀರಿಕೊಂಡಿತು. ಡಾಕ್ಟರ್ ಆಗಬೇಕು ಅನ್ನಿಸಿದ್ದು ಅಲ್ಲಿಂದ. ಅವರ ಪಕ್ಕದಲ್ಲೇ ರುಖ್ಮಾಬಾಯಿಯವರನ್ನು ಇಡಿ. ಬಾಲ್ಯದಲ್ಲಿ ಆದ ಮದುವೆಯನ್ನು ಒಪ್ಪಲ್ಲ ಅಂತ ಕೋರ್ಟಿನಲ್ಲಿ ನಿಂತರು, ಲಂಡನ್ನಿನಲ್ಲಿ ಓದಿ ವಾಪಸ್ ಬಂದು ಸೂರತ್, ರಾಜ್‌ಕೋಟ್‌ಗಳಲ್ಲಿ ಮೂರು ದಶಕಕ್ಕೂ ಜಾಸ್ತಿ ಕಾಲ ರೋಗಿಗಳನ್ನು ನೋಡಿದರು. ನೀವು ಹುಡುಕುತ್ತಿರುವ 'ಆಮೇಲೆ' ಅಲ್ಲಿದೆ.

ಓದುಗಿತ್ತಿ
ಇದನ್ನು ಹಾಗೇ ಬರೆದುಕೊಂಡೆ. @ಹೊಲಿಗೆ_ಗಂಟು, ಟೇಬಲ್ ಕೆಳಗಿಳಿಸಿದ ಕಥೆಯನ್ನು ಹೆಸರು ಹೇಳದೆ ಬಳಸಬಹುದಾ?

ಹೊಲಿಗೆ_ಗಂಟು
ಧಾರಾಳವಾಗಿ ಬಳಸಿ. ಮೇಡಂಗೂ ಹೇಳಿದೆ, ಅವರಿಗೆ ತುಂಬಾ ಖುಷಿ. ಎರಡು ಕೈಯಲ್ಲಿ ಹೇಗೆ ಹಿಡಿಯೋದು ಅಂತ ತೋರಿಸಿಯೇ ಹೇಳು ಅಂದಿದ್ದಾರೆ, ಫೋಟೋ ಕಳಿಸ್ತೀನಿ.