ಆರೋಗ್ಯದ ಮಾತಿನಲ್ಲಿ ‘ಈಕ್ವಿಟಿ’: ಸಮಾನತೆಯೋ, ಸಮತೆಯೋ, ನಮ್ಮೂರಿನ ‘ಸಮ’ವೋ?

ಬಳಗದ ಎಲ್ಲರಿಗೂ ಉಡುಪಿಯಿಂದ ನಮಸ್ಕಾರ.

ಆಶಾ ಕಾರ್ಯಕರ್ತೆಯರಿಗೂ ಗ್ರಾಮ ಆರೋಗ್ಯ ಸಮಿತಿಯವರಿಗೂ ಓದಲೆಂದು ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬೇರೆ ಬೇರೆ ದೇಶಗಳು ತಮ್ಮ ಜನರ ಆರೋಗ್ಯವನ್ನು ಹೇಗೆ ನೋಡಿಕೊಳ್ಳುತ್ತವೆ, ಆ ವ್ಯವಸ್ಥೆಯೊಳಗೆ ಯಾರು ಬರುತ್ತಾರೆ, ಯಾರು ಹೊರಗೇ ಉಳಿಯುತ್ತಾರೆ ಎಂಬುದು ಅದರ ವಿಷಯ. ‘ಹೆಲ್ತ್ ಈಕ್ವಿಟಿ’, ಅಂದರೆ ಆರೋಗ್ಯದ ವಿಷಯದಲ್ಲಿ ಎಲ್ಲರಿಗೂ ನ್ಯಾಯ ಸಿಗುವುದು, ಎಂಬ ಮಾತು ಪುಟಕ್ಕೊಂದು ಸಲವಾದರೂ ಬರುತ್ತದೆ. ಮೊದಲ ಕರಡಿನಲ್ಲಿ ಎಲ್ಲ ಕಡೆಯೂ ‘ಆರೋಗ್ಯ ಸಮಾನತೆ’ ಎಂದು ಹಾಕಿದ್ದೆ. ಹೆಬ್ರಿ ಕಡೆಯ ಒಂದು ಸಭೆಯಲ್ಲಿ ಅದನ್ನು ಓದಿ ಹೇಳುತ್ತಿದ್ದಾಗ ಆಶಾ ಕಾರ್ಯಕರ್ತೆಯೊಬ್ಬರು ಕೈ ಎತ್ತಿದರು.

“ಮೇಡಂ, ಎಲ್ಲರಿಗೂ ಸಮಾನ ಅಂತ ಬರ್ದಿದ್ದೀರಿ. ಬಯಲಲ್ಲಿ ಐದು ಸಾವಿರ ಜನಕ್ಕೆ ಒಂದು ಸಬ್ ಸೆಂಟರ್, ಗುಡ್ಡಗಾಡಲ್ಲಿ ಮೂರು ಸಾವಿರಕ್ಕೇ ಒಂದು ಅಂತ ನಮಗೆ ಟ್ರೈನಿಂಗಲ್ಲಿ ಹೇಳಿದ್ದಾರೆ. ಅದು ಸಮಾನ ಅಲ್ಲ ಅಲ್ವಾ? ಆದ್ರೆ ಅದೇ ಸಮ.”

ಈ ಪತ್ರ ಬರೆಯಲು ಆ ಕೊನೆಯ ಮಾತೇ ಕಾರಣ.

ಅವರು ಹೇಳಿದ ಲೆಕ್ಕ ಸರಿಯಾದದ್ದೇ. ನಮ್ಮ ದೇಶದಲ್ಲಿ ಸಬ್ ಸೆಂಟರಿಗೆ, ಅಂದರೆ ಆರೋಗ್ಯ ಉಪಕೇಂದ್ರಕ್ಕೆ, ಬಯಲಿನಲ್ಲಿ 5,000 ಜನ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನ ಎಂಬ ಮಾನದಂಡವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಮತ್ತು 20,000. ಮನೆಗಳು ದೂರದೂರ, ಮಳೆಗಾಲದಲ್ಲಿ ಹಳ್ಳ ದಾಟುವುದೇ ಕಷ್ಟ, ಆದ್ದರಿಂದ ಅಲ್ಲಿ ತಲೆ ಲೆಕ್ಕ ಕಡಿಮೆ. ಈ ಬೇರೆ ಬೇರೆ ಅಳತೆಯನ್ನು ‘ಸಮಾನತೆ’ ಎಂದು ಕರೆದರೆ ಓದುಗರು ಗೊಂದಲಕ್ಕೆ ಬೀಳುವುದು ಸಹಜ. ಸಂವಿಧಾನದ ಪ್ರಸ್ತಾವನೆಯಲ್ಲಿ ‘ಈಕ್ವಾಲಿಟಿ’ಗೆ ಕನ್ನಡದಲ್ಲಿ ‘ಸಮಾನತೆ’ ಎಂದೇ ಇದೆ, ಆ ಪದ ಅಲ್ಲಿಗೆ ಸಂದುಹೋಗಿದೆ. ಹಿಂದಿಯ ಪ್ರಸ್ತಾವನೆಯಲ್ಲಿ ಅದೇ ಜಾಗದಲ್ಲಿ ‘ಸಮತಾ’ ಇದೆ. ಹಾಗಾಗಿ ‘ಸಮತೆ’ ಎಂದು ಬರೆದರೂ ಎರಡೂ ಒಂದೇ ಅಲ್ಲವೇ ಎಂದು ಕೇಳುವವರು ಇರುತ್ತಾರೆ.

‘ಈಕ್ವಿಟಿ’ಯನ್ನು ಹಾಗೇ ಉಳಿಸಿಬಿಡೋಣ ಎಂದರೆ ಅದೂ ಆಗುವುದಿಲ್ಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕುಗಳು ಹುಟ್ಟಿದ ಕರಾವಳಿ ಇದು. ಇಲ್ಲಿ ‘ಈಕ್ವಿಟಿ’ ಎಂದರೆ ಷೇರು.

ಈಗ ಅರ್ಥಕ್ಕೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿಗಾಗಿ ಮಾರ್ಗರೆಟ್ ವೈಟ್‌ಹೆಡ್ 1990ರಲ್ಲಿ ಬರೆದ ವಿವರಣೆಯನ್ನು ಈ ಕ್ಷೇತ್ರದವರು ಇಂದಿಗೂ ಹಿಡಿದುಕೊಂಡಿದ್ದಾರೆ. ಆರೋಗ್ಯದಲ್ಲಿ ಕಾಣುವ ಎಲ್ಲ ವ್ಯತ್ಯಾಸವೂ ಅನ್ಯಾಯವಲ್ಲ. ಎಪ್ಪತ್ತರ ಅಜ್ಜನಿಗೆ ಇಪ್ಪತ್ತರ ಮೊಮ್ಮಗನಿಗಿಂತ ಕಾಯಿಲೆ ಹೆಚ್ಚು, ಅದು ಬರೀ ವ್ಯತ್ಯಾಸ. ಯಾವ ವ್ಯತ್ಯಾಸ ಬೇಕಿಲ್ಲದೆ ಉಂಟಾಗಿದೆಯೋ, ತಪ್ಪಿಸಲು ಸಾಧ್ಯವಿದೆಯೋ, ಅದರ ಮೇಲೆ ಅನ್ಯಾಯದ್ದೂ ಆಗಿದೆಯೋ, ಅದು ‘ಇನ್‌ಈಕ್ವಿಟಿ’. ಅಂದರೆ ಇಲ್ಲಿ ಎಣಿಕೆಯ ಜೊತೆಗೆ ನ್ಯಾಯದ ತೀರ್ಮಾನವೂ ಸೇರಿದೆ. ನಮಗೆ ಬೇಕಾದದ್ದು ಅಳತೆಯನ್ನೂ ನ್ಯಾಯವನ್ನೂ ಒಟ್ಟಿಗೆ ಹೇಳುವ ಪದ.

ಪತ್ರಿಕೆಗಳಲ್ಲಿ ‘ಇನ್‌ಈಕ್ವಿಟಿ’ಗೆ ‘ತಾರತಮ್ಯ’ ಎಂಬ ಪದ ಬಳಸುವುದನ್ನು ನೋಡಿದ್ದೇನೆ. ಉಡುಪಿಯಲ್ಲಿ ಕೂತು ಈ ಪದವನ್ನು ಹಗುರವಾಗಿ ಬಳಸಲು ನನಗೆ ಮನಸ್ಸಾಗುವುದಿಲ್ಲ. ತರ, ತಮ ಎಂಬ ಎರಡು ಪ್ರತ್ಯಯಗಳಿಂದ ಹುಟ್ಟಿದ ಪದ ಇದು, ಮೂಲ ಅರ್ಥ ಮೆಟ್ಟಿಲು ಮೆಟ್ಟಿಲಾದ ಹೆಚ್ಚುಕಡಿಮೆ. ಮಧ್ವ ಸಿದ್ಧಾಂತದಲ್ಲಿ ಅದು ಶಾಸ್ತ್ರೀಯ ಪರಿಭಾಷೆ. ನಮ್ಮ ಹಿರಿಯರ ಬಾಯಲ್ಲಿ “ಅವನಿಗೆ ತಾರತಮ್ಯ ಜ್ಞಾನವೇ ಇಲ್ಲ” ಎಂದರೆ ಬೈಗುಳ. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ವಿವೇಕ ಇಲ್ಲ ಎಂದು ಅರ್ಥ. ಈಗಿನ ಬಳಕೆಯಲ್ಲಿ ಅದೇ ಪದ ಭೇದಭಾವವಾಗಿದೆ. ನನ್ನ ಮಟ್ಟಿಗೆ ಈಕ್ವಿಟಿಗೆ ತಾರತಮ್ಯ ಜ್ಞಾನ ಬೇಕೇ ಬೇಕು. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದವರನ್ನು ಬಂದ ಕ್ರಮದಲ್ಲಿ ನೋಡಿದರೆ ಅದು ಸಮಾನತೆ. ಉಸಿರಾಡಲು ಆಗದವರನ್ನು ಮೊದಲು ಒಳಗೆ ಕರೆದರೆ ಕೈಗೆ ಗಾಯವಾದವರು ಯಾರೂ ಅದನ್ನು ಭೇದ ಎನ್ನುವುದಿಲ್ಲ. ಒಂದೇ ಪದ ರೋಗಕ್ಕೂ ಮದ್ದಿಗೂ ಹೆಸರಾದರೆ ಕೈಪಿಡಿ ಓದುವವರ ಗತಿ ಏನು?

‘ಪಂಕ್ತಿಭೇದ’ವನ್ನೂ ಯೋಚಿಸಿದೆ. ಒಂದೇ ಸಾಲಿನಲ್ಲಿ ಕೂತವರಿಗೆ ಬಡಿಸುವಾಗ ಮಾಡುವ ಭೇದ. ತಪ್ಪಿಸಬಹುದಾದದ್ದು, ಅನ್ಯಾಯದ್ದು ಎಂಬ ಎರಡೂ ಅಂಶ ಅದರಲ್ಲಿವೆ. ಆದರೆ ಆ ಪದಕ್ಕೆ ಜಾತಿಯ ನೋವು ಅಂಟಿಕೊಂಡಿದೆ, ಅದನ್ನು ತೆಳುಮಾಡಿ ಬೇರೆಡೆಗೆ ಒಯ್ಯುವುದು ತಪ್ಪಾದೀತು. ಅಲ್ಲದೆ ಬಡಿಸುವ ಒಂದು ಕೈ ಕಾಣದ ಕಡೆಯೂ ಅನ್ಯಾಯ ನಡೆಯುತ್ತದೆ. ಆಯುಷ್ಮಾನ್ ಭಾರತ್ ಕಾರ್ಡು ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ. ಮಂಗಳೂರಿನ ಕಾರ್ಡಿಗೂ ಅಂಕೋಲೆಯ ಕಾರ್ಡಿಗೂ ಮೊತ್ತ ಅದೇ. ಮಂಗಳೂರಿನ ಬಡವನಿಗೆ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಇದೆ, ಸುತ್ತ ಅಷ್ಟೊಂದು ವೈದ್ಯಕೀಯ ಕಾಲೇಜುಗಳಿವೆ. ಹೊನ್ನಾವರ, ಕುಮಟಾ, ಅಂಕೋಲೆಯಿಂದ ದೊಡ್ಡ ಕಾಯಿಲೆಯವರನ್ನು ಹೊತ್ತ ಆಂಬುಲೆನ್ಸು ಹೆದ್ದಾರಿ ಹಿಡಿದು ಮಣಿಪಾಲಕ್ಕೋ ಮಂಗಳೂರಿಗೋ ಬರಬೇಕು. ಕಾರ್ಡಿನಲ್ಲಿ ಭೇದವಿಲ್ಲ. ಭೇದ ಇರುವುದು ದಾರಿಯಲ್ಲಿ. ಇಂಥದ್ದಕ್ಕೆ ಸದ್ಯ ‘ಅನ್ಯಾಯದ ಅಂತರ’ ಎಂದು ಬರೆದಿದ್ದೇನೆ. ಸ್ವಲ್ಪ ಉದ್ದವಾಯಿತು, ಆದರೆ ಅರ್ಥ ತಪ್ಪುವುದಿಲ್ಲ.

ವೇಲ್ಸ್‌ನ ಗಣಿ ಕಾರ್ಮಿಕರ ಹಳ್ಳಿಯಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದ ‘ಇನ್ವರ್ಸ್ ಕೇರ್ ಲಾ’ ಕೂಡ ಕೈಪಿಡಿಯಲ್ಲಿದೆ. ಒಳ್ಳೆಯ ಚಿಕಿತ್ಸೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಅದು ಕಡಿಮೆ ಸಿಗುತ್ತದೆ, ವೈದ್ಯಕೀಯವನ್ನು ಮಾರುಕಟ್ಟೆಗೆ ಬಿಟ್ಟಷ್ಟೂ ಇದು ಜೋರಾಗುತ್ತದೆ ಎಂಬುದು ಅವರ ಮಾತು. ‘ವಿಲೋಮ ಆರೈಕೆ ನಿಯಮ’ ಎಂದರೆ ಯಾರಿಗೂ ಹತ್ತಲಿಲ್ಲ. “ಹಲ್ಲಿದ್ದಲ್ಲಿ ಕಡಲೆ ಇಲ್ಲ, ಕಡಲೆ ಇದ್ದಲ್ಲಿ ಹಲ್ಲಿಲ್ಲ” ಎಂದು ಶುರುಮಾಡಿದ ಮೇಲೆ ಮುಂದಿನದು ತಾನೇ ಅರ್ಥವಾಯಿತು.

ಇನ್ನು ‘ಸಮ’. ಘಟ್ಟದ ಮೇಲಿನವರಿಗೆ ಸಮ ಎಂದರೆ ಒಂದಕ್ಕೊಂದು ಸರಿದೂಗುವುದು, ಮಟ್ಟಸವಾಗಿರುವುದು. ನಮ್ಮಲ್ಲಿ ಅದಕ್ಕೆ ಇನ್ನೊಂದು ಜೀವವಿದೆ. “ಅವ ಹೇಳಿದ್ದು ಸಮ”, “ನೀನು ಮಾಡಿದ್ದು ಸಮ ಇಲ್ಲ” ಎನ್ನುತ್ತೇವೆ. ತುಳುವಿನಲ್ಲಿ “ಸಮ ಇಜ್ಜಿ”. ಸರಿ, ಯೋಗ್ಯ, ನ್ಯಾಯ ಎಲ್ಲವೂ ಅದರಲ್ಲಿವೆ. ‘ಈಕ್ವಿಟಿ’ಯ ಮೂಲವಾದ ಲ್ಯಾಟಿನ್ನಿನ ‘ಎಕ್ವುಸ್’ ಪದಕ್ಕೂ ಸಮತಟ್ಟು, ಸಮಾನ, ನ್ಯಾಯವಾದದ್ದು ಎಂಬ ಮೂರು ಅರ್ಥಗಳೂ ಇವೆ. ರೋಮಿನವರ ಪದ ನಡೆದ ದಾರಿಯಲ್ಲೇ ಕರಾವಳಿಯ ‘ಸಮ’ವೂ ತನ್ನಷ್ಟಕ್ಕೆ ನಡೆದು ಬಂದಿದೆ ಎಂದು ಹೊಳೆದಾಗ ನನಗೆ ಬಹಳ ಸಂತೋಷವಾಯಿತು. ಬ್ರೆಜಿಲ್‌ನ 1988ರ ಸಂವಿಧಾನ ಆರೋಗ್ಯವನ್ನು ಎಲ್ಲರ ಹಕ್ಕು, ಸರ್ಕಾರದ ಕರ್ತವ್ಯ ಎಂದು ಸಾರುವಾಗ ‘ಸಮಾನ’ ಎಂಬ ಅರ್ಥದ ಪದವನ್ನೇ ಬಳಸಿತ್ತು. ಈಗ ಅಲ್ಲಿಯ ಆರೋಗ್ಯ ವ್ಯವಸ್ಥೆಯ ಮೂಲತತ್ವ ಹೇಳುವವರು ಈಕ್ವಿಟಿಗೆ ಸಂವಾದಿಯಾದ ಪೋರ್ಚುಗೀಸ್ ಪದಕ್ಕೆ ಬಂದಿದ್ದಾರೆ. ನಾವೂ ಈ ಹೆಜ್ಜೆ ಇಡಬಹುದು.

ಆದ್ದರಿಂದ ನನ್ನ ಒಲವು ‘ಆರೋಗ್ಯ ಸಮತೆ’ಯ ಕಡೆಗೆ, ಮೊದಲ ಸಲ ಬಂದಲ್ಲಿ “ಸಮ, ಅಂದರೆ ನ್ಯಾಯವಾದದ್ದು” ಎಂಬ ವಿವರಣೆಯೊಂದಿಗೆ. ಕೇಳುವುದು ಇಷ್ಟು. ‘ಸಮ’ಕ್ಕೆ ‘ಸರಿ, ನ್ಯಾಯ’ ಎಂಬ ಅರ್ಥ ಕರಾವಳಿಯಿಂದಾಚೆ, ಶಿವಮೊಗ್ಗ, ಧಾರವಾಡ, ಕೊಡಗಿನ ಕಡೆ ಆಡುಮಾತಿನಲ್ಲಿ ಇದೆಯೇ? ಹಳಗನ್ನಡದಲ್ಲಿ ಯಾರಿಗಾದರೂ ಪ್ರಯೋಗ ಸಿಕ್ಕಿದೆಯೇ? ಕೈಪಿಡಿ ಉಡುಪಿಯಲ್ಲೇ ನಿಲ್ಲುವುದಾದರೆ ನನಗೆ ಅಂಜಿಕೆಯಿಲ್ಲ. ರಾಯಚೂರಿನ ಆಶಾ ಕಾರ್ಯಕರ್ತೆ ಓದಿದರೆ ಇದೇ ಅರ್ಥ ಹೊಳೆಯಬೇಕಲ್ಲ.

ಜೊತೆಗೆ ಇನ್ನೊಂದು ಸಣ್ಣ ಪದ. ವಿಶ್ವ ಆರೋಗ್ಯ ಸಂಸ್ಥೆಯ 2000ದ ವರದಿ ಸರ್ಕಾರದ ಹೊಣೆಯನ್ನು ‘ಸ್ಟೀವರ್ಡ್‌ಶಿಪ್’ ಎಂದು ಕರೆದಿತ್ತು. ‘ಆಡಳಿತ’ ಎಂದರೆ ಕಚೇರಿಯ ವಾಸನೆ ಬರುತ್ತದೆ. ದೇವಸ್ಥಾನದ ಆಸ್ತಿ ತನ್ನದಲ್ಲ, ಊರಿನದ್ದು ಎಂದು ತಿಳಿದು ನೋಡಿಕೊಳ್ಳುವವರನ್ನು ನಾವು ಮೊಕ್ತೇಸರರು ಎನ್ನುತ್ತೇವೆ. ‘ಮೊಕ್ತೇಸರಿಕೆ’ ಎಂದು ಬರೆದರೆ ಬೇರೆ ಜಿಲ್ಲೆಯವರಿಗೆ ತಿಳಿದೀತೇ? ಕರಡು ಮುಂದಿನ ವಾರ ಅಚ್ಚಿಗೆ ಹೋಗುತ್ತದೆ, ಅದಕ್ಕೂ ಮೊದಲು ಒಂದೆರಡು ಸಾಲು ಬರೆದರೆ ಉಪಕಾರವಾಗುತ್ತದೆ.