ನ್ಯಾಯಪೀಠವನ್ನು ‘ಮೈ ಲಾರ್ಡ್’ ಎಂದೇ ಸಂಬೋಧಿಸಬೇಕೇ?

ಪ್ರಶ್ನೆ: ಈಚೆಗಷ್ಟೇ ವಕೀಲಿ ಸನ್ನದು ಪಡೆದಿದ್ದೇನೆ. ಹೈಕೋರ್ಟಿನಲ್ಲಿ ಹಿರಿಯರು ಮಾತುಮಾತಿಗೂ ‘ಮೈ ಲಾರ್ಡ್’ ಎನ್ನುತ್ತಾರೆ. ಅದು ಕಡ್ಡಾಯವೇ? ಬಿಟ್ಟರೆ ಅಗೌರವವೆನಿಸೀತೇ?

ಉತ್ತರ 1: ಕಡ್ಡಾಯವಲ್ಲ. ಸುಪ್ರೀಂ ಕೋರ್ಟ್ ಹಾಗೂ ಹೈಕೋರ್ಟುಗಳಲ್ಲಿ ‘ಯುವರ್ ಆನರ್’ ಅಥವಾ ‘ಆನರಬಲ್ ಕೋರ್ಟ್’ ಎನ್ನಬಹುದೆಂದೂ, ಅಧೀನ ನ್ಯಾಯಾಲಯಗಳಲ್ಲಿ ‘ಸರ್’ ಅಥವಾ ಆಯಾ ಪ್ರಾದೇಶಿಕ ಭಾಷೆಯ ಸಮಾನ ಪದ ಸಾಕೆಂದೂ ಭಾರತೀಯ ವಕೀಲರ ಪರಿಷತ್ತು 2006ರಲ್ಲಿಯೇ ನಿಯಮ ಮಾಡಿತು. ‘ಮೈ ಲಾರ್ಡ್’ ವಸಾಹತು ಕಾಲದ ಕುರುಹು ಎಂಬುದು ಅದರ ವಿವರಣೆಯಾಗಿತ್ತು. ನಮ್ಮ ಹೈಕೋರ್ಟಿನಲ್ಲಿಯೇ 2021ರಲ್ಲಿ ನ್ಯಾಯಮೂರ್ತಿ ಪಿ. ಕೃಷ್ಣ ಭಟ್ ಅವರು ತಮ್ಮನ್ನು ‘ಸರ್’ ಎಂದು ಕರೆದರೆ ಸಾಕೆಂದು ವಕೀಲರನ್ನು ಕೋರಿದ್ದರು. ಅದು ಬಹಳ ಘನತೆಯ ನಡೆ ಎಂದು ನನಗನ್ನಿಸುತ್ತದೆ.

ಉತ್ತರ 2: ನಿಯಮ ಸರಿ, ಆದರೆ ಪೀಠದ ರೂಢಿಯನ್ನೂ ಗಮನಿಸಿ. ಅದೇ 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅರ್ಜಿದಾರರೊಬ್ಬರು ‘ಯುವರ್ ಆನರ್’ ಎಂದಾಗ, ಅದು ಅಮೆರಿಕದ ನ್ಯಾಯಾಲಯಗಳ ಸಂಬೋಧನೆಯೆಂದು ಮುಖ್ಯ ನ್ಯಾಯಮೂರ್ತಿ ಬೋಬ್ಡೆ ಆಕ್ಷೇಪಿಸಿದ್ದರು. ಆದ್ದರಿಂದ ಪೀಠ ಯಾವುದಿದ್ದರೂ ‘ಸರ್’, ‘ಮೇಡಂ’ ಅಥವಾ ‘ಮಾನ್ಯ ನ್ಯಾಯಾಲಯ’ ಎನ್ನುವುದು ಕ್ಷೇಮ. ವಾದದ ಪ್ರತಿ ವಾಕ್ಯಕ್ಕೂ ಸಂಬೋಧನೆ ಬೇಕಿಲ್ಲ. ಆರಂಭದಲ್ಲಿ, ಪ್ರಶ್ನೆಗೆ ಉತ್ತರಿಸುವಾಗ ಮತ್ತು ಮುಗಿಸುವಾಗ ಇದ್ದರೆ ಸಾಕು.

ಉತ್ತರ 3: ಇಂಗ್ಲೆಂಡಿನಲ್ಲಿಯೇ ಈ ಪದಗಳು ಸರಳಗೊಂಡಿವೆ. ಅಲ್ಲಿ ಹೈಕೋರ್ಟಿನ ನ್ಯಾಯಾಧೀಶರು ಇಂದಿಗೂ ‘ಮೈ ಲಾರ್ಡ್’, ‘ಮೈ ಲೇಡಿ’ಗಳೇ, ಆದರೆ ಡಿಸ್ಟ್ರಿಕ್ಟ್ ಜಡ್ಜ್‌ಗಳನ್ನು 2022ರ ಡಿಸೆಂಬರಿನಿಂದ ಕೇವಲ ‘ಜಡ್ಜ್’ ಎಂದು ಸಂಬೋಧಿಸಲಾಗುತ್ತಿದೆ.