20 ಹಳ್ಳಿ, 400 ಮನೆ ಸರ್ವೇ: ನಲ್ಲಿ ಇರುವ ಮನೆಗಳ ಲೆಕ್ಕ ಕಮ್ಮಿ ಬರ್ತಿದೆ, ಯಾಕೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಎಂ.ಎ. ಪ್ರಾಜೆಕ್ಟ್‌ಗೆ ಒಂದು ತಾಲ್ಲೂಕಿನಲ್ಲಿ ಕುಡಿಯುವ ನೀರಿನ ಸರ್ವೇ ಮಾಡಿದ್ದೇನೆ. ಲಾಟರಿ ಎತ್ತಿ 20 ಹಳ್ಳಿ ಆರಿಸಿದೆ. ಪ್ರತಿ ಹಳ್ಳಿಯಲ್ಲೂ ಮನೆಗಳ ಪಟ್ಟಿ ಬರೆದುಕೊಂಡು, ಅದರಿಂದ 20 ಮನೆ. ಎಸ್‌ಪಿಎಸ್‌ಎಸ್‌ನಲ್ಲಿ (ಅಂಕಿಅಂಶ ಲೆಕ್ಕ ಹಾಕುವ ಸಾಫ್ಟ್‌ವೇರ್) ಹಾಕಿದರೆ ನಲ್ಲಿ ಇರುವ ಮನೆಗಳು ಪಂಚಾಯ್ತಿ ಲೆಕ್ಕಕ್ಕಿಂತ ತುಂಬಾ ಕಮ್ಮಿ ಬರುತ್ತಿವೆ. ಡೇಟಾ ಎಂಟ್ರಿ ತಾಳೆ ನೋಡಿದ್ದೇನೆ, ಸರಿ ಇದೆ.

ಉತ್ತರ 1:
ಹಳ್ಳಿಗಳೆಲ್ಲ ಒಂದೇ ಗಾತ್ರದವಾ? ಅತಿ ಚಿಕ್ಕದು, ಅತಿ ದೊಡ್ಡದು ಎಷ್ಟು ಮನೆ?

ಪ್ರಶ್ನೆ ಕೇಳಿದವರು:
ಚಿಕ್ಕದು 100, ದೊಡ್ಡದು 1,200. ಚಿಕ್ಕ ಹಳ್ಳಿಗಳಲ್ಲಿ ನಲ್ಲಿ ಕಮ್ಮಿ.

ಉತ್ತರ 1:
ಅಲ್ಲೇ ಇದೆ ನೋಡಿ. 100 ಮನೆಯ ಹಳ್ಳಿಯಲ್ಲಿ ನೀವು ಮಾತಾಡಿಸಿದ ಒಂದೊಂದು ಮನೆ 5 ಮನೆಗಳ ಪರವಾಗಿ ನಿಂತಿದೆ. ದೊಡ್ಡ ಹಳ್ಳಿಯಲ್ಲಿ ಒಂದೊಂದೂ 60ರ ಪರ. ಸಾಫ್ಟ್‌ವೇರ್‌ಗೆ ಇದು ಗೊತ್ತಿಲ್ಲ, ಎಲ್ಲವನ್ನೂ ಒಂದೇ ಅಂತ ಎಣಿಸುತ್ತಿದೆ. ‘ತೂಕ’ ಅಂತ ಒಂದು ಕಾಲಂ ಸೇರಿಸಿ: ಹಳ್ಳಿಯ ಒಟ್ಟು ಮನೆ ಭಾಗಿಸು ನೀವು ಮಾತಾಡಿಸಿದ ಮನೆ. ಹಳ್ಳಿಗಳನ್ನು ಲಾಟರಿಯಲ್ಲಿ ಎತ್ತಿದ್ದರಿಂದ ಶೇಕಡಾವಾರಿಗೆ ಇಷ್ಟು ಸಾಕು.

ಪ್ರಶ್ನೆ ಕೇಳಿದವರು:
ಒಂದು ಹಳ್ಳಿಯಲ್ಲಿ 3 ಮನೆಗೆ ಬೀಗ. 17 ಮಾತ್ರ ಸಿಕ್ಕಿವೆ. ಅವುಗಳ ಬದಲು ಪಕ್ಕದ ಮನೆಗಳನ್ನು ಸೇರಿಸಿ 20 ತುಂಬಲಾ?

ಉತ್ತರ 1:
ಬೇಡ. ಸುಮ್ನೆ ಪಕ್ಕದ ಮನೆ ಸೇರಿಸಿದರೆ ಮನೆಯಲ್ಲೇ ಇರುವವರ ಸರ್ವೇ ಆಗಿಬಿಡುತ್ತದೆ. ಬೀಗ ಹಾಕಿದವರು ಕೂಲಿಗೆ ಹೋದವರಿರಬಹುದು, ಅವರ ಮನೆಯಲ್ಲೇ ನಲ್ಲಿ ಇಲ್ಲದಿರಬಹುದು. ಸಂಜೆ ಹೊತ್ತು ಇನ್ನೊಮ್ಮೆ ಹೋಗಿ. ಆಗಲೂ ಸಿಗದಿದ್ದರೆ 17ರಿಂದಲೇ ಭಾಗಿಸಿ, ವರದಿಯಲ್ಲಿ ಬರೆಯಿರಿ.

ಉತ್ತರ 2:
ಒಂದು ಸೇರಿಸುತ್ತೇನೆ. ಎಸ್‌ಪಿಎಸ್‌ಎಸ್‌ನ ತೂಕ ಹಾಕುವ ಮಾಮೂಲಿ ಆಯ್ಕೆ ‘ವೇಟ್ ಕೇಸಸ್’ ಶೇಕಡಾವಾರು ಸರಿ ಮಾಡುತ್ತದೆ, ಆದರೆ ಅದು ಕೊಡುವ ಸ್ಟ್ಯಾಂಡರ್ಡ್ ಎರರ್ (ಲೆಕ್ಕ ಎಷ್ಟು ಆಚೀಚೆ ಆಗಬಹುದು ಅನ್ನುವ ಅಳತೆ) ನಂಬಬೇಡಿ. ಪೈಪು ಒಂದು ಬೀದಿಗೆ ಬಂದರೆ ಅಲ್ಲಿ ಎಲ್ಲರ ಮನೆಗೂ ಬರುತ್ತದೆ, ಅಲ್ವಾ? ಹಾಗಾಗಿ ಒಂದೇ ಹಳ್ಳಿಯ 20 ಮನೆಗಳಿಂದ 20 ಬೇರೆ ಬೇರೆ ಮಾಹಿತಿ ಸಿಗುವುದಿಲ್ಲ. ಒಂದೇ ಹಳ್ಳಿಯ ಮನೆಗಳ ನಡುವಿನ ಹೋಲಿಕೆ (ಪೂರ್ತಿ ಒಂದೇ ಥರ ಇದ್ದರೆ 1) ಬರೀ 0.05 ಇದ್ದರೂ ಡಿಸೈನ್ ಎಫೆಕ್ಟ್, ಅಂದರೆ ಹೀಗೆ ಹಳ್ಳಿವಾರು ಆರಿಸಿದ್ದರಿಂದ ಅನಿಶ್ಚಿತತೆ (ವೇರಿಯನ್ಸ್) ಎಷ್ಟು ಪಟ್ಟು ಹೆಚ್ಚುತ್ತದೆ ಅನ್ನುವುದು, 1 + (20 − 1) × 0.05, ಅಂದರೆ 1.95. ನಿಮ್ಮ 400 ಮನೆ ಸುಮಾರು 205ರಷ್ಟೇ ಕೆಲಸ ಮಾಡುತ್ತವೆ. ನಲ್ಲಿಯ ವಿಷಯದಲ್ಲಿ ಹೋಲಿಕೆ ಇನ್ನೂ ಜಾಸ್ತಿ ಇರುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಎಸ್‌ಪಿಎಸ್‌ಎಸ್‌ನ ‘ಕಾಂಪ್ಲೆಕ್ಸ್ ಸ್ಯಾಂಪಲ್ಸ್’ ಮಾಡ್ಯೂಲ್ ನಿಮ್ಮಲ್ಲಿ ಇಲ್ಲದಿದ್ದರೆ ಆರ್ (R) ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನ ‘ಸರ್ವೇ’ ಪ್ಯಾಕೇಜ್ ಉಚಿತ. ಅದರಲ್ಲಿ ಹಳ್ಳಿಯನ್ನು ಕ್ಲಸ್ಟರ್ (ಒಟ್ಟಿಗೆ ಆರಿಸಿದ ಮನೆಗಳ ಗುಂಪು) ಅಂತ ಕೊಡಿ, ತೂಕದ ಕಾಲಂ ತೋರಿಸಿ.

ಮುಂದಿನ ಸಲ ಹಳ್ಳಿಯ ಗಾತ್ರಕ್ಕೆ ತಕ್ಕಂತೆ ಆಯ್ಕೆಯ ಅವಕಾಶ ಕೊಡಿ, ಅಂದರೆ ದೊಡ್ಡ ಹಳ್ಳಿಗೆ ಆಯ್ಕೆಯಾಗುವ ಅವಕಾಶ ಹೆಚ್ಚು ಇರಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹಾಗೇ ಹಳ್ಳಿ ಆರಿಸಿ, ಒಂದೊಂದರಲ್ಲೂ 22 ಮನೆ ತೆಗೆದುಕೊಂಡಿದ್ದರು. ಆಗ ತೂಕಗಳು 5, 60 ಅಂತ ಇಷ್ಟು ಏರುಪೇರಾಗುವುದಿಲ್ಲ.